ಮೀನೆಣ್ಣೆ ಕುಡಿದ ಮೆಷಿನ್ ಗನ್

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನನ್ನನ್ನು ಗಂಗೊಳ್ಳಿ ಕಡೆಯ ಒಂದು ಕಾವಲು ದೋಣಿಗೆ ಆರ್ಮರರ್ ಆಗಿ ಹಾಕಿದರು. ಆರ್ಮರರ್ ಎಂದರೆ ಆಯುಧ ರಿಪೇರಿ ಮಾಡುವವನು. ಕೊಕ್ಕರ್ಣೆಯ ಗದ್ದೆಯಲ್ಲಿ ಬೆಳೆದ ನನಗೆ ಸಮುದ್ರ ಕೊನೆಯವರೆಗೂ ಒಗ್ಗಲಿಲ್ಲ, ಕಬ್ಬಿಣ ಒಗ್ಗಿತು.

ದೋಣಿಯ ಮುಂಭಾಗದಲ್ಲಿದ್ದದ್ದು 12.7 ಮಿಲಿಮೀಟರ್‌ನ ಹೆವಿ ಮೆಷಿನ್ ಗನ್. ಈ ಜಾತಿಯ ಗನ್ ಹುಟ್ಟಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ವಿಮಾನಗಳನ್ನೂ ಉಕ್ಕಿನ ಕವಚದ ವಾಹನಗಳನ್ನೂ ತಡೆಯಲು. ಆಮೇಲೆ ಜೀಪು, ಟ್ಯಾಂಕು ಹತ್ತಿ ದೋಣಿಗೂ ಬಂತು. ನೆಲದಲ್ಲಿ ಅದಕ್ಕೆ ಧೂಳಿನ ಕಾಟ, ಇಲ್ಲಿ ಉಪ್ಪುಗಾಳಿಯದು.

ಗನ್ನರ್ ರಾಘವ ಅಲ್ಲಿಯದೇ ಮೀನುಗಾರರ ಮನೆಯವನು. ಅವನ ಗುರಿ ತಪ್ಪಿದ್ದನ್ನು ನಾನು ಕಂಡವನಲ್ಲ. ಮಳೆಗಾಲ ಮುಗಿದು ಗಸ್ತು ಶುರುವಾಗುವ ಮೊದಲು ಕಮಾಂಡರ್ ಎದುರು ಪರೀಕ್ಷಾ ಫೈರಿಂಗ್ ಇತ್ತು. ಮೊದಲ ಸುತ್ತು ಸರಿಯಾಗಿಯೇ ಹೋಯಿತು. ಎರಡನೆಯದರ ನಡುವೆ ಗನ್ ಕಚ್ಚಿಕೊಂಡು ನಿಂತಿತು. ರಾಘವ ಎರಡೂ ಕೈ ಹಾಕಿ ಎಳೆದರೂ ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಅಲುಗಲಿಲ್ಲ. ನಾಳೆಯೂ ಹೀಗೇ ಆದರೆ ಗನ್ನರನ್ನೇ ಬದಲಿಸುತ್ತೇನೆ ಎಂದರು ಕಮಾಂಡರ್.

ದಡಕ್ಕೆ ಬಂದು ಗನ್ ಬಿಚ್ಚಿದೆ. ಒಳಗೆಲ್ಲ ಕಂದು ಬಣ್ಣದ ಅಂಟು, ಮೂಗಿಗೆ ಮೀನಿನ ವಾಸನೆ.

"ಎಂತ ಬಳ್ದ್ಯಾ ಮಾರಾಯ ಇದ್ಕೆ?" ಎಂದು ರಾಘವನನ್ನು ಕೇಳಿದೆ.

"ಮೀನೆಣ್ಣಿ ಸಾರ್. ಮಳಿಗಾಲ್ದಗೆ ದೋಣಿ ಎಳ್ದ್ ಹಾಕಿ ನಾವ್ ಬಳೂದ್ ಇದೇ. ಉಪ್ಪ್ ಹತ್ರ ಬಪ್ಪುದಿಲ್ಲ."

"ನಿನ್ನ ದೋಣಿ ಗುಂಡ್ ಹೊಡಿತ್ತಾ?" ಎಂದು ರೇಗಿದೆ. ಬೈಗೆ ಎಂಬ ಸಣ್ಣ ಮೀನಿನ ಆ ಎಣ್ಣೆ ಗಾಳಿಗೆ ಒಣಗಿ ಮರದ ಮೇಲೆ ವಾರ್ನಿಷ್ ಆಗುತ್ತದೆ. ಬಿಸಿಯಾದ ಬೋಲ್ಟಿಗೆ ಅದೇ ಗೋಂದು. ಉದಾಸೀನ ಮಾಡಿದವನಾಗಿದ್ದರೆ ನಾನೇ ಓಡಿಸುತ್ತಿದ್ದೆ. ಇವನು ಮನೆಯ ದೋಣಿಗೆ ಮಾಡುವ ಉಪಚಾರವನ್ನೇ ಗನ್ನಿಗೂ ಮಾಡಿದ್ದ. ಅವನನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಕಮಾಂಡರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಳೆಯೂ ಟ್ರಿಗರ್ ಹಿಂದೆ ಇವನೇ ನಿಲ್ಲಲಿ ಎಂದು ಪಟ್ಟು ಹಿಡಿದೆ. ಅವರು ಒಪ್ಪಿದರು.

ಕತ್ತಲಾಗುವವರೆಗೆ ರಾಘವ ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ಉಜ್ಜಿದ. ಬೆರಳು ಸುಲಿದರೂ ನನಗೆ ಬ್ರಷ್ ಕೊಡಲಿಲ್ಲ. "ನಾ ಮಾಡದ್ದ್, ನಾನೇ ತೊಳಿತೆ" ಎಂದ. ಕೊನೆಗೆ ಗನ್ ಆಯಿಲ್ ತೆಳ್ಳಗೆ ಸವರಿ ಜೋಡಿಸಿದೆವು.

ಮರುದಿನ ಸಮುದ್ರದಲ್ಲಿ ಬೆಲ್ಟಿನ ಕೊನೆಯ ಗುಂಡಿನವರೆಗೂ ಗನ್ ನಿಲ್ಲಲಿಲ್ಲ. ಕಮಾಂಡರ್ ತಲೆಯಾಡಿಸಿದರು. ರಾಘವ ನನ್ನ ಕಡೆ ತಿರುಗಲಿಲ್ಲ, ಗನ್ ತಣಿದ ಕೂಡಲೇ ಬಟ್ಟೆ ತೆಗೆದು ಒರೆಸತೊಡಗಿದ. ಆಮೇಲೆ ದಿನವೂ ಒರೆಸಿದ.

ದೋಣಿಗೆ ವರ್ಷಕ್ಕೊಮ್ಮೆ ಬಳಿದರೆ ಸಾಕು. ಆಯುಧವನ್ನು ಪ್ರತಿದಿನ ಬಿಚ್ಚಿ ನೋಡಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟೇ. ನಾನು ನಿವೃತ್ತನಾದ ದಿನ ರಾಘವ ಒಂದು ಬಾಟಲಿ ಮೀನೆಣ್ಣೆ ತಂದು ಕೈಗಿಟ್ಟ.

"ನಂಗೆ ದೋಣಿ ಎಲ್ಲಿತ್ತ್ ಮಾರಾಯ?" ಎಂದೆ.

"ಇಲ್ದಿರೂ ಅಡ್ಡಿಲ್ಲ, ಇಟ್ಕಣಿ ಸಾರ್. ಗನ್ ಹತ್ರ ಮಾತ್ರ ತಕಂಡ್ ಹೋಪ್ದ್ ಬ್ಯಾಡ."