ಮೈಗೆ ಹತ್ತಿದ ಅನ್ನ

ನಮ್ಮದು ಮಸ್ಕಿ. ಜೋಳದ ರೊಟ್ಟಿಯ ಮಂದಿ. ಅನ್ನವೆಂದರೆ ನಮಗೆ ಹಬ್ಬ. ಅಕ್ಕನನ್ನು ಕಾಲುವೆ ನೀರು ಬಂದ ಗೊರೇಬಾಳಕ್ಕೆ ಕೊಟ್ಟಾಗ ಓಣಿಯೆಲ್ಲ ಅವಳ ದೈವ ಕೊಂಡಾಡಿತ್ತು. ಅಲ್ಲಿ ಮೊದಲ ಸಲ ಭತ್ತದ ನಾಟಿ ಮುಗಿಸಿ ತವರಿಗೆ ಬಂದ ಅಕ್ಕ ಈಗಲೂ ನನಗೆ ಅರೆನಿದ್ದೆಯಲ್ಲಿ ಕಾಣುತ್ತಾಳೆ. ಬೆಳಗಿನ ಮಂಜಿನಲ್ಲಿ ಬಸ್ಸಿಳಿದಳು. ಕೆನ್ನೆ ತುಂಬಿತ್ತು, ಕಣ್ಣು ಕಿರಿದಾಗಿದ್ದವು, ಕನಸಿನಿಂದ ಇನ್ನೂ ಎದ್ದಿಲ್ಲವೇನೋ ಎಂಬ ಹಾಗೆ ನಡೆಯುತ್ತಿದ್ದಳು.

ಅನ್ನ ಮೈಗೆ ಹತ್ತಿದೆ ಎಂದರು ನೋಡಿದವರೆಲ್ಲ. ಅವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೃಷ್ಟಿ ತೆಗೆದು ಇನ್ನಷ್ಟು ಬಡಿಸಿದಳು. ನನಗೋ ಆ ಮೆತ್ತನೆಯ ಕೆನ್ನೆಗೆ ಕೆನ್ನೆ ಹಚ್ಚಿ ಮಲಗುವುದೇ ಸುಖ. ಕೆಸರಲ್ಲಿ ನಿಂತು ಅವಳ ಕಾಲಿಗೆ ಎದ್ದಿದ್ದ ಹುಣ್ಣುಗಳು ಆಗಲೇ ಒಣಗಿದ್ದವು, ಅವನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಮೂತ್ರ ಕಡಿಮೆಯಾಗಿದೆ, ಚಹಾದ ಬಣ್ಣ ಬಂದಿದೆ ಎಂದು ಅಕ್ಕ ಪಿಸುಗುಟ್ಟಿದಾಗ, ಉಷ್ಣವೆಂದು ಅವ್ವ ಉಪ್ಪು ಹಾಕಿದ ಮಜ್ಜಿಗೆಯನ್ನು ಚೊಂಬುಗಟ್ಟಲೆ ಕುಡಿಸಿದಳು.

ಮಲಗಿದರೆ ಉಸಿರು ಕಟ್ಟತೊಡಗಿದಾಗ ಸಿಂಧನೂರಿನ ದವಾಖಾನೆಗೆ ಒಯ್ದರು. ಡಾಕ್ಟರು ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಕುಳಿ ಹಾಗೇ ಉಳಿಯಿತು. ಗಾಜಿನ ನಳಿಕೆಯಲ್ಲಿ ಮೂತ್ರ ಕಾಯಿಸಿದರು. ಒಡೆದ ಹಾಲಿನಂತೆ ಬೆಳ್ಳಗಾಯಿತು.

"ಇದು ಮೈ ಬಂದಿದ್ದಲ್ಲಮ್ಮ, ನೀರು ತುಂಬೈತಿ. ಹುಣ್ಣಿನ ನಂಜು ಮೂತ್ರಪಿಂಡಕ್ಕ ಬಡದೈತಿ. ಹೊಸಾದಿದ್ರ ಮೂತ್ರ ಹರದು ಬಾವು ಇಳೀತೈತಿ. ಹಳೇದಿದ್ರ ನನ್ನ ಕೈಯಾಗ ಇಲ್ಲ."

ಹೊಸದೋ ಹಳೆಯದೋ, ಕಾದೇ ತಿಳಿಯಬೇಕಿತ್ತು. ತಟ್ಟನೆ ಬಂದು ಹೋಗುವುದೊಂದು, ಸದ್ದಿಲ್ಲದೆ ವರ್ಷಗಟ್ಟಲೆ ಸವೆಸುವುದೊಂದು, ಎರಡಕ್ಕೂ ಮುಖ ಊದುತ್ತದೆಂದು ನಾನು ಓದಿ ತಿಳಿದದ್ದು ಎಷ್ಟೋ ಕಾಲದ ಮೇಲೆ. ಆಗ ನಮಗೆ ಗೊತ್ತಿದ್ದದ್ದು ಪೆನ್ಸಿಲಿನ್ ಸೂಜಿ, ಉಪ್ಪಿಲ್ಲದ ಗಂಜಿ, ಅಳೆದು ಕೊಡುವ ನೀರು. ಸಿಂಧನೂರಿನ ಸುತ್ತ ಹಗಲೂ ಇರುಳೂ ಕಾಲುವೆ ಹರಿಯುತ್ತಿತ್ತು; ದವಾಖಾನೆಯಲ್ಲಿ ಅಕ್ಕ ಒಂದು ಗುಟುಕಿಗೆ ಬೇಡುತ್ತಿದ್ದಳು. ನೀರು ಕೊಡದ ಅವ್ವನ ಮೇಲೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಅವ್ವನೂ ಉಪ್ಪು ಬಿಟ್ಟಿದ್ದಾಳೆಂದು ಗೊತ್ತಾದ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ದಿನಗಳು ಒಂದರೊಳಗೊಂದು ಕರಗಿದವು.

ಒಂದು ಮುಂಜಾನೆ ಅಕ್ಕ ಗೋಡೆ ಹಿಡಿದು ಬಚ್ಚಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅವ್ವ ಗಾಬರಿಯಿಂದ ಬಾಗಿಲಿಗೆ ಹೋಗಿ ನಿಂತಳು. ಹೊರಬಂದ ಅಕ್ಕ ನಾಚಿಕೊಂಡೇ ಅಂದಳು:

"ಯವ್ವಾ, ಭಾಳ ಆತು. ನಿಲ್ಲವಲ್ದಾಗಿತ್ತು."

ಅವ್ವ ಅಲ್ಲೇ ಕೂತು ಅತ್ತಳು. ಅಳುತ್ತಲೇ ಆ ಬಚ್ಚಲಿಗೆ ಕೈ ಮುಗಿದಳು.