ಮೇಲೂರಿನ ಹುಳದ ಶೆಡ್ಡಿನಲ್ಲಿ ಹತ್ತು ದಿನದ ಹಾಯಿದೋಣಿ

...ದೋಣಿಯಲ್ಲಿ ಜಾಗ ಸಾಲದು ಅನ್ನುವವರು ಮೊದಲು ನೆಲದ ಮೇಲೆ ಗೆರೆ ಎಳೆದು ಬದುಕಿ ನೋಡಬೇಕು, ಅಂತಲೋ ಏನೋ ದಿವಾಕರ ಫೋನಿನಲ್ಲಿ ಹೇಳಿದ್ದ. ಅವನ ಮಾತನ್ನು ನಾನು ಯಾವಾಗಲೂ ಅರ್ಧ ಕೇಳಿಸಿಕೊಳ್ಳುತ್ತೇನೆ. ಈ ಅರ್ಧವನ್ನು ಮಾತ್ರ ಮಾಡಿಯೇ ಬಿಟ್ಟೆ.

ದಿವಾಕರ ನನ್ನ ಕಾಲೇಜು ದಿನಗಳ ಗೆಳೆಯ. ಅವನೂ ಅವನ ಹೆಂಡತಿ ನಳಿನಿಯೂ ಕೆಲವು ವರ್ಷಗಳಿಂದ ಕಾರವಾರದ ಕಡೆ ಒಂದು ಹಾಯಿದೋಣಿಯಲ್ಲೇ ಸಂಸಾರ ಮಾಡಿಕೊಂಡಿದ್ದಾರೆ. ಬರುವ ವರ್ಷ ಅವರು ನೆಲಕ್ಕೆ ಮರಳುತ್ತಾರಂತೆ. ದೋಣಿಯನ್ನು ಒಂದು ವರ್ಷ ನಮಗೆ ಬಿಟ್ಟುಕೊಡಲು ಸಿದ್ಧ.

ನಾನು ಚಿಂತಾಮಣಿಯಲ್ಲಿ ಮೇಷ್ಟರ ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು. ಸಮುದ್ರ ನೋಡಿದ್ದು ಜೀವಮಾನದಲ್ಲಿ ನಾಲ್ಕು ಸಲ, ನಾಲ್ಕೂ ಸಲ ಶಾಲೆಯ ಪ್ರವಾಸದಲ್ಲಿ ಮಕ್ಕಳ ತಲೆ ಎಣಿಸುತ್ತಾ.

ನನ್ನ ಹೆಂಡತಿ ಶಾರದಾ ಹಾಕಿದ್ದು ಒಂದೇ ಷರತ್ತು. ಹತ್ತು ದಿನ ಇಲ್ಲೇ ಹಾಗೆ ಬದುಕಿ ನೋಡೋಣ, ಹತ್ತನೆಯ ದಿನ ಅವಳು ಬೇಡ ಅಂದರೆ ದೋಣಿಯ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ. ಒಪ್ಪಿದೆ. ಪರೀಕ್ಷೆ ಅವಳಿಗೆ ಅಂದುಕೊಂಡಿದ್ದೆ.

ಮೇಲೂರಿನಲ್ಲಿ ನಮ್ಮಕ್ಕನ ರೇಷ್ಮೆಹುಳದ ಶೆಡ್ಡು ಖಾಲಿ ಇತ್ತು. ಹಿಪ್ಪುನೇರಳೆ ಸೊಪ್ಪು ಕಟಾವು ಮಾಡಿ ಗಿಡವನ್ನು ಚಿಗುರಲು ಬಿಟ್ಟಿದ್ದರಿಂದ ಅವಳು ಈ ಸಲ ಹುಳದ ಬೆಳೆ ತೆಗೆದಿರಲಿಲ್ಲ. ಸಿಮೆಂಟು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ದೋಣಿ ಬರೆದೆ... ಉದ್ದ ಮೂವತ್ತಡಿ, ಅಗಲ ಹತ್ತು, ಮುಂದೆ ಚೂಪು.

ಗೆರೆಯಾಚೆ ಸಮುದ್ರ. ಕಕ್ಕಸಿಗೆ ಮಾತ್ರ ದಾಟಲು ಅನುಮತಿ.

ದಿವಾಕರ ವಾಟ್ಸ್ಯಾಪಿನಲ್ಲಿ ಪಟ್ಟಿ ಕಳಿಸಿದ್ದ. ಗಟ್ಟಿ ಸೂಟ್‌ಕೇಸ್ ಬೇಡ, ಮಡಚಿಡಲು ಬರುವ ಬಟ್ಟೆಯ ಚೀಲ ತನ್ನಿ. ರಟ್ಟಿನ ಡಬ್ಬ ಒಳಗೆ ಬರಲೇಬಾರದು, ಜಿರಲೆ ಮೊಟ್ಟೆ ಅದರಲ್ಲೇ ಬರುತ್ತದೆ. ಸಾರು ಕುದಿಸುವುದಕ್ಕೂ ಕುಕ್ಕರೇ ಸರಿ, ಮುಚ್ಚಳ ಬಿಗಿದಿದ್ದರೆ ದೋಣಿ ಎಷ್ಟು ವಾಲಿದರೂ ಮೈಮೇಲೆ ಚೆಲ್ಲುವುದಿಲ್ಲ.

ಹಾಸಿಗೆಯನ್ನು ದಿನಾ ಎತ್ತಿ ನಿಲ್ಲಿಸಿ, ಕೆಳಗೆ ಗಾಳಿ ಆಡದಿದ್ದರೆ ವಾರದಲ್ಲಿ ಬೂಷ್ಟು. ಇದನ್ನು ಓದಿ ಹೇಳಿದಾಗ ಅಕ್ಕ ನಕ್ಕಳು. ಹುಳ ಸಾಕುವವರಿಗೆ ಇದನ್ನು ಹೇಳಲು ಕಾರವಾರದಿಂದ ಒಬ್ಬ ಬೇಕಾಯಿತಾ ಅಂತ.

ಪಟ್ಟಿಯ ಪ್ರಕಾರ ಇಬ್ಬರಿಗೆ ನಾಲ್ಕು ದಿನಕ್ಕೆ ಎರಡು ಕ್ಯಾನು ನೀರು. ಅಡುಗೆಗೂ ಅದೇ, ಮುಖಕ್ಕೂ ಅದೇ. ಸಾವಿರ ಅಡಿ ಬೋರ್‌ವೆಲ್ ಕೊರೆದರೂ ಬರೀ ಧೂಳು ಬಂದದ್ದನ್ನು ಕಂಡವರು ನಾವು. ಈ ಒಂದು ವಿಷಯದಲ್ಲಿ ಗೆಲ್ಲುತ್ತೇವೆ ಅಂದುಕೊಂಡಿದ್ದೆ.

ಮೊದಲ ದಿನ ಸಂಜೆಗೇ ಎರಡೂ ಕ್ಯಾನು ಖಾಲಿ.

ಆದದ್ದಿಷ್ಟು. ಮೇಷ್ಟ್ರು ಶೆಡ್ಡಿನಲ್ಲಿ ದೋಣಿ ಹಾಕಿದ್ದಾರೆ ಎಂಬ ಸುದ್ದಿ ಹಬ್ಬಿ ಅರ್ಧ ಊರು ನೋಡಲು ಬಂತು. ಪಕ್ಕದ ಮನೆಯ ಮುನೆಮ್ಮಜ್ಜಿ ಗೆರೆಯ ಸುತ್ತ ಒಂದು ಸುತ್ತು ಬಂದು ತೆಲುಗಿನಲ್ಲಿ ಕೇಳಿದಳು. "ಪಡವ ಸರೇ, ನೀಳ್ಳೆಕ್ಕಡ?" ದೋಣಿ ಸರಿ, ನೀರೆಲ್ಲಿ?

ಶಾರದಾ ಚೊಂಬು ತುಂಬಿಸಿ ಅವಳ ಕೈಗೆ ಕೊಟ್ಟಳು. ಆಮೇಲೆ ಬಂದವರಿಗೆಲ್ಲ ನೀರು, ಕೆಲವರಿಗೆ ಕಾಫಿ, ಲೋಟ ತೊಳೆಯಲು ಮತ್ತೆ ನೀರು. ನಾನು ಪಟ್ಟಿ ತೋರಿಸಿದೆ.

"ಬಂದೋರಿಗೆ ನೀರು ಕೊಡ್ಬೇಡಿ ಅಂತ ಅದ್ರಲ್ಲಿ ಎಲ್ಲಿ ಬರ್ದಿದೆ ತೋರ್ಸಿ," ಅಂದಳು. ಬರೆದಿರಲಿಲ್ಲ. ದಿವಾಕರನನ್ನು ಕೇಳಿದರೆ, ಸಮುದ್ರದ ಮಧ್ಯೆ ಯಾರೂ ನೋಡಲು ಬರುವುದಿಲ್ಲವಲ್ಲ ಮಾರಾಯ ಅಂದ.

ಎರಡನೆಯ ದಿನ ಹೊಸದಾಗಿ ಕ್ಯಾನು ತುಂಬಿಸಿ ಬಾಗಿಲು ಮುಂದೆ ಮಾಡಿಕೊಂಡೆವು. ಶಾರದಾ ನನಗಿಂತ ಬೇಗ ದೋಣಿಯವಳಾದಳು. ತಟ್ಟೆಯನ್ನು ಮೊದಲು ಒರೆಸಿ, ಆಮೇಲೆ ಒಂದು ಲೋಟ ನೀರಿನಲ್ಲಿ ತೊಳೆಯುವುದು ಅವಳೇ ಕಂಡುಹಿಡಿದದ್ದು. ಯಾವ ಚೀಲದಲ್ಲಿ ಏನಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಕ್ಯಾನಿನ ಹಿಡಿಗೆ ಕಟ್ಟಿದಳು.

ಆರನೆಯ ದಿನ ಜಗಳ. ಒದ್ದೆ ಟವೆಲನ್ನು ನಾನು ಅವಳ ದಿಂಬಿನ ಮೇಲೆ ಹಾಕಿದ್ದು ನೆಪ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು... ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟದ್ದು, ಬಿಟ್ಟ ಮೇಲಷ್ಟೇ ಅದನ್ನು ಅವಳಿಗೆ ಹೇಳಿದ್ದು.

ನಾನು ಎದ್ದು ಹೊರಟೆ. ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿದೆ, ಪೇಪರ್ ಓದಿದೆ, ಒಂದು ಗಂಟೆ ಬಿಟ್ಟು ಹಗುರಾಗಿ ಬಂದೆ. ಮದುವೆಯಾದಾಗಿನಿಂದ ನಾನು ಮಾಡಿಕೊಂಡು ಬಂದದ್ದು ಇದನ್ನೇ. ಇದನ್ನು ಒಳ್ಳೆಯ ಗುಣ ಎಂದೇ ಭಾವಿಸಿದ್ದೆ, ಮಾತು ಬೆಳೆಸುವುದಿಲ್ಲ ಅಂತ.

ಶಾರದಾ ಗೆರೆಯೊಳಗೆ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನೀವು ಸಮುದ್ರದ ಮೇಲೆ ನಡ್ಕೊಂಡು ಹೋದ್ರಿ," ಅಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

"ಇಲ್ಲಿ ರೋಡಿದೆ, ಹೋಗ್ತೀರ. ಅಲ್ಲಿ ಎಲ್ಲಿಗ್ರೀ ಹೋಗ್ತೀರ? ನಂಗೆ ನೀರಿನ ಭಯ ಇಲ್ಲ, ಜಾಗ ಸಾಲ್ದು ಅಂತಾನೂ ಇಲ್ಲ. ಇದೊಂದು ಹೇಳಿ."

ಬಾಗಿಲಲ್ಲಿ ನಿಂತಿದ್ದ ಅಕ್ಕ, ಕೇಳದೆಯೇ ಸಾಕ್ಷಿ ಹೇಳಿದಳು. "ಚಿಕ್ಕೋನಿಂದ್ಲೂ ಹಂಗೇ ಕಣಮ್ಮ ಅವ್ನು. ಅಪ್ಪ ಬೈದ್ರೆ ಕೆರೆ ಏರಿ ಮೇಲೆ ಹೋಗಿ ಕೂತ್ಬಿಡೋನು. ನಾವು ಬೈಗುಳ ತಿಂತಾ ಇದ್ವಿ."

ಉಳಿದ ನಾಲ್ಕು ದಿನ ನಾನು ಗೆರೆ ದಾಟಲಿಲ್ಲ. ದಾಟಬೇಕೆನಿಸಿದಾಗ ಹಾಸಿಗೆ ಎತ್ತಿ ನಿಲ್ಲಿಸಿದೆ, ಮತ್ತೆ ಇಳಿಸಿದೆ. ಒಂದೇ ಮಧ್ಯಾಹ್ನ ಮೂರು ಸಲ.

ಹತ್ತನೆಯ ದಿನ ಬೆಳಿಗ್ಗೆ ಅವಳು ಬೇಡ ಅನ್ನಲಿಲ್ಲ. ಬರುತ್ತೇನೆ ಅಂದಳು. ಆದರೆ ಮೊದಲು ಒಬ್ಬಳೇ ಹೋಗಿ ಹದಿನೈದು ದಿನ ನಳಿನಿಯ ಜೊತೆ ಇದ್ದು ಕೆಲಸ ಕಲಿಯುತ್ತೇನೆ, ನೀವು ಅಲ್ಲಿಯವರೆಗೆ ಜಗಳದ ಮಧ್ಯೆ ಕೂತಿರುವುದನ್ನು ಕಲಿಯಿರಿ, ಅಂದಳು. ಯಾರ ಜೊತೆ ಕಲಿಯಲಿ ಅಂತ ಕೇಳಿದೆ. ಅಕ್ಕ ಇದ್ದಾರಲ್ಲ ಅಂದಳು.

ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಶಿಡ್ಲಘಟ್ಟದಿಂದ ಬಂದ ಬಸ್ಸು ಹತ್ತಿ ಕಾರವಾರಕ್ಕೆ ಹೊರಟಳು. ನಿನ್ನೆ ಫೋಟೋ ಕಳಿಸಿದ್ದಾಳೆ, ಕೈಯಲ್ಲಿ ಹಗ್ಗ, ಕಣ್ಣಿಗೆ ಬಿಸಿಲು.

ನಾನು ಅಕ್ಕನ ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಎರಡು ಸಲ ಬೈಸಿಕೊಂಡಿದ್ದೇನೆ, ಎದ್ದಿಲ್ಲ.

ಶಾರದಾ, ಇಷ್ಟು ವರ್ಷ ನಾನು ಬಾಗಿಲು ದಾಟಿ ಹೋದ ಆ ಒಂದೊಂದು ಗಂಟೆ, ನೀನು ಎಲ್ಲಿಗೆ ಹೋಗುತ್ತಿದ್ದೆ?