ಅಪ್ಪನ ಕಡೆಯಿಂದ ಬಂದದ್ದು

ನನ್ನ ತಮ್ಮ ತೀರಿಕೊಂಡದ್ದು ಬೆಳಗಿನ ಹೊತ್ತು, ಡೇರಿಯ ಮುಂದೆ. ಮಳವಳ್ಳಿ ಕಡೆಯ ನಮ್ಮೂರಿನ ಹಾಲಿನ ಡೇರಿಯಲ್ಲಿ ಅವನು ಕಾರ್ಯದರ್ಶಿಯಾಗಿದ್ದ. ಹಾಲು ಅಳೆದು ಮುಗಿದ ಮೇಲೆ ಕ್ಯಾನುಗಳನ್ನು ಗಾಡಿಗೆ ಎತ್ತಿಕೊಟ್ಟು, ಸ್ವಲ್ಪ ಇರಪ್ಪ ಎಂದು ಡ್ರೈವರಿಗೆ ಹೇಳಿ ಜಗಲಿಯ ಮೇಲೆ ಕೂತನಂತೆ. ಕೂತವನು ಹಾಗೇ ಪಕ್ಕಕ್ಕೆ ವಾಲಿದ. ನಿದ್ದೆಗಣ್ಣಿರಬೇಕು ಅಂದುಕೊಂಡರಂತೆ ಅಲ್ಲಿದ್ದವರು. ಮಳವಳ್ಳಿಯ ಆಸ್ಪತ್ರೆಗೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಅವನಿಗೆ ನಲವತ್ತು ದಾಟಿ ಹೆಚ್ಚು ಕಾಲವಾಗಿರಲಿಲ್ಲ. ಬೀಡಿ ಮುಟ್ಟಿದವನಲ್ಲ, ಕುಡಿದವನಲ್ಲ. ಸಕ್ಕರೆ ಕಾಯಿಲೆಯೂ ಇರಲಿಲ್ಲ. ನಾನು ಮದ್ದೂರಿನಿಂದ ಓಡಿ ಬರುವಷ್ಟರಲ್ಲಿ ಆಸ್ಪತ್ರೆಯ ಮುಂದೆ ಅರ್ಧ ಊರೇ ಸೇರಿತ್ತು. ಪೋಸ್ಟ್‌ಮಾರ್ಟಂ ಬೇಡ, ಹೆಣ ಕುಯ್ಯಿಸುವುದು ಬೇಡ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದರು. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಯಾರ ಮಾತಿಗೂ ಸಿಟ್ಟಾಗದೆ, ಈ ವಯಸ್ಸಿನವರು ಹೀಗೆ ದಾರಿಯಲ್ಲೇ ಹೋಗಿಬಿಟ್ಟರೆ ಕಾರಣ ನೋಡದೆ ಕಳಿಸುವಂತಿಲ್ಲ ಎಂದರು.

ಮಧ್ಯಾಹ್ನ ಪೋಸ್ಟ್‌ಮಾರ್ಟಂ ಮುಗಿಸಿ ಅವರು ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಎಂದು ಯಾರೋ ಹೇಳಿದ್ದರಂತೆ. ರಕ್ತನಾಳಗಳಲ್ಲಿ ಎಲ್ಲೂ ಅಡಚಣೆ ಕಾಣುತ್ತಿಲ್ಲ, ಆದರೆ ಹೃದಯ ಇರಬೇಕಾದ್ದಕ್ಕಿಂತ ತುಂಬ ತೂಕವಾಗಿದೆ, ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ದಪ್ಪವಾಗಿಬಿಟ್ಟಿದೆ ಎಂದರು. ಅಂಥ ಹೃದಯ ಓಡುತ್ತ ಓಡುತ್ತ ಒಂದು ದಿನ ತಾಳ ತಪ್ಪಿ ನಿಂತುಬಿಡಬಹುದಂತೆ. ಆಮೇಲೆ ಕೇಳಿದರು, "ನಿಮ್ಮ ಮನೇಲಿ ಹಿಂದೆ ಯಾರಾದ್ರೂ ಹೀಗೆ ಚಿಕ್ಕ ವಯಸ್ಸಲ್ಲಿ, ಇದ್ದಕ್ಕಿದ್ದಂತೆ ಹೋಗಿದ್ದಾರಾ?"

ಇಲ್ಲ ಎಂದೆ. ಇದು ವಂಶದಲ್ಲಿ ಬರುವ ಕಾಯಿಲೆ ಇದ್ದ ಹಾಗಿದೆ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ಮರೆಯಬೇಡಿ ಎಂದು ಹೇಳಿ ಅವರು ಎದ್ದರು.

ತಿಥಿ ಕಳೆದ ಮೇಲೆ, ಮನೆಗೆ ಬಂದವರೆಲ್ಲ ಹೋಗಿ ಮನೆ ನಡುವಿನ ಹಟ್ಟಿ ಖಾಲಿಯಾದಾಗ, ನನಗೆ ಚಿಕ್ಕಪ್ಪನ ನೆನಪು ಬಂತು.

ಚಿಕ್ಕಪ್ಪ ಅಂದರೆ ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ನಾನು ಸಣ್ಣವಳಿದ್ದಾಗ ಮುತ್ತತ್ತಿಯ ಹೊಳೆಯಲ್ಲಿ ಹೋದರು. ಗೆಳೆಯರ ಜೊತೆ ಹೋಗಿ ಆಂಜನೇಯನಿಗೆ ಕೈಮುಗಿದು ಬಂದು ನೀರಿಗಿಳಿದಿದ್ದರು. ಈಜು ಬಾರದವರಲ್ಲ, ನಮ್ಮೂರ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದವರು. ಸುಳಿಗೆ ಸಿಕ್ಕರು ಎಂದು ಎಲ್ಲರೂ ಹೇಳಿದರು, ನಾವೂ ಹಾಗೇ ನಂಬಿದ್ದೆವು. ಜೊತೆಗಿದ್ದ ಒಬ್ಬರು ಮಾತ್ರ ಬಹಳ ಕಾಲ ಒಂದು ಮಾತು ಹೇಳುತ್ತಿದ್ದರು. ಕೂಗಲಿಲ್ಲ, ಕೈಕಾಲು ಬಡಿಯಲಿಲ್ಲ, ಈಜುತ್ತಿದ್ದವನು ಕಲ್ಲಿನ ಹಾಗೆ ಮುಳುಗಿಬಿಟ್ಟ ಎಂದು. ಅಪ್ಪ ಆಮೇಲೆ ಆ ಕಡೆ ಕಾಲಿಡಲಿಲ್ಲ. ನನ್ನನ್ನೂ ತಮ್ಮನನ್ನೂ ನಾಲೆಯ ಹತ್ತಿರ ಕಂಡರೆ ಹೊಡೆಯುತ್ತಿದ್ದರು.

ನಾನು ಮಂಡ್ಯದ ಹೃದಯದ ಡಾಕ್ಟರ ಹತ್ತಿರ ಹೋದೆ. ಗಂಡ ಜೊತೆಗೆ ಬಂದಿದ್ದರು. ಇಸಿಜಿ ತೆಗೆದವರು ಕಾಗದ ನೋಡಿ ಎಕೋ ಮಾಡುವ ಕೋಣೆಗೆ ಕಳಿಸಿದರು. ಎಡಮಗ್ಗುಲಾಗಿ ಮಲಗಿಸಿ, ಎದೆಗೆ ತಣ್ಣಗಿನ ಜೆಲ್ಲಿ ಹಚ್ಚಿ, ಡಾಕ್ಟರು ಯಂತ್ರವನ್ನು ಒತ್ತಿ ಹಿಡಿದರು. ಪರದೆಯ ಮೇಲೆ ನನ್ನ ಹೃದಯ ಬೂದಿ ಬಣ್ಣದಲ್ಲಿ ಮುಚ್ಚಿ ತೆರೆದು ಮಾಡುತ್ತಿತ್ತು. ಹೃದಯಕ್ಕೆ ನಾಲ್ಕು ಕೋಣೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಆದರೆ ಅದು ಇಷ್ಟು ಕಷ್ಟಪಟ್ಟು ಕೆಲಸ ಮಾಡುತ್ತದೆ ಎಂದು ಕಣ್ಣಾರೆ ನೋಡಿರಲಿಲ್ಲ. ಡಾಕ್ಟರು ಒಂದು ಕಡೆ ಚಿತ್ರ ನಿಲ್ಲಿಸಿ, ಗೋಡೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು ಅಳತೆ ನೋಡಿದರು. ನನಗೆ ಅಷ್ಟರಲ್ಲೇ ಗೊತ್ತಾಯಿತು.

ನನ್ನದು ಅಷ್ಟು ಜೋರಿಲ್ಲ ಎಂದರು. ಸ್ಕೂಲಿನ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದು ಮೈ ಬಂದದ್ದಕ್ಕೆ ಎಂದು ನಾನು ಅಂದುಕೊಂಡಿದ್ದೆ, ಅದು ಇದರದ್ದೇ. ಎದೆಬಡಿತ ನಿಧಾನ ಮಾಡುವ ಮಾತ್ರೆ ಬರೆದುಕೊಟ್ಟರು. ತಮ್ಮನಿಗೆ ಮಕ್ಕಳಿದ್ದಾರಾ ಎಂದು ಕೇಳಿದರು. ಒಬ್ಬಳೇ ಮಗಳು, ಮಂಡ್ಯದಲ್ಲೇ ಡಿಗ್ರಿ ಓದುತ್ತಾಳೆ, ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಾಳೆ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಮೊದಲು ಆಟ ನಿಲ್ಲಿಸಿ. ಆಮೇಲೆ ಕರ್ಕೊಂಡು ಬನ್ನಿ. ನಿಮ್ಮ ತಂದೆಯವರನ್ನೂ."

ಅಪ್ಪ ತಕರಾರಿಲ್ಲದೆ ಬಂದರು. ಎಪ್ಪತ್ತು ದಾಟಿದ್ದರೂ ದಿನವೂ ಕಬ್ಬಿನ ಗದ್ದೆಗೆ ಹೋಗಿ ನೀರು ಕಟ್ಟುವ ಮನುಷ್ಯ. ಜ್ವರಕ್ಕೂ ಆಸ್ಪತ್ರೆ ಕಂಡವರಲ್ಲ. ಒಗೆದ ಪಂಚೆ ಉಟ್ಟು, ಯಾವುದೋ ಮದುವೆಗೆ ಹೊರಟವರ ಹಾಗೆ ಕಾರಿನಲ್ಲಿ ನೆಟ್ಟಗೆ ಕೂತಿದ್ದರು. ಅವರ ಹೃದಯದ ಗೋಡೆಯೂ ದಪ್ಪವಿತ್ತು. ಒಂದೇ ಮನೆಯಲ್ಲಿ ಒಬ್ಬರನ್ನು ಇದು ಇಪ್ಪತ್ತೈದಕ್ಕೆ ತೆಗೆದುಕೊಂಡು ಹೋಗಬಹುದು, ಇನ್ನೊಬ್ಬರು ಎಂಬತ್ತರವರೆಗೆ ಏನೂ ತಿಳಿಯದೆ ಬದುಕಬಹುದು, ಯಾಕೆ ಎಂದು ಪೂರ್ತಿ ಯಾರಿಗೂ ಗೊತ್ತಿಲ್ಲ ಎಂದರು ಡಾಕ್ಟರು.

ವಾಪಸು ಬರುವಾಗ ಮದ್ದೂರು ಹತ್ತಿರ ಅಪ್ಪ ಕೇಳಿದರು.

"ಅಂಗಾದ್ರೆ ಅವ್ನಿಗೆ ನನ್ನಿಂದ್ಲೇ ಬಂತಾ ಮಗ?"

ಇದು ಯಾರ ತಪ್ಪೂ ಅಲ್ಲ, ನಿಮಗೆ ನಿಮ್ಮಪ್ಪನಿಂದಲೋ ಅವ್ವನಿಂದಲೋ ಬಂದಿರುತ್ತದೆ, ನನಗೆ ನಿಮ್ಮ ಮೂಗು ಬಂದ ಹಾಗೆ ಎಂದೆ.

"ನನ್ ಮೂಗು ಯಾರ್ನೂ ಸಾಯ್ಸಿಲ್ವಲ್ಲವ್ವ" ಎಂದರು ಅಪ್ಪ.

ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡರು. ಅವತ್ತು ನಮ್ಮ ಮನೆಯಲ್ಲಿ ಊಟವನ್ನೂ ಮಾಡದೆ ಬಸ್ಸು ಹತ್ತಿ ಊರಿಗೆ ಹೋದರು.

ತಮ್ಮನ ಹೆಂಡತಿ ಮಾತ್ರ ಒಪ್ಪಲಿಲ್ಲ. ಗಂಡ ಡೇರಿಯ ತಲೆಬಿಸಿಯಿಂದ ಹಾರ್ಟ್ ಅಟ್ಯಾಕ್ ಆಗಿ ಹೋದರು ಎಂದೇ ಅವಳು ನಂಬಿದ್ದಳು. ನಾನು ಒಂದು ಸಲ ಹೋಗಿ ಹೇಳಿದೆ, ಮತ್ತೆ ಹೋಗಿ ಹೇಳಿದೆ. ಮಗಳು ಕಲ್ಲುಗುಂಡಿನ ಹಾಗಿದ್ದಾಳೆ, ಜಿಲ್ಲೆಗೆಲ್ಲ ಆಡಿ ಗೆದ್ದು ಬಂದಿದ್ದಾಳೆ, ಅವಳಿಗೆ ಹಾರ್ಟಿನ ಕಾಯಿಲೆ ಅಂದರೆ ಯಾರು ನಂಬುತ್ತಾರೆ ಎಂದಳು. ಸುದ್ದಿ ಊರಲ್ಲಿ ಹರಡಿದರೆ ನಾಳೆ ಅವಳನ್ನು ಯಾರು ಮದುವೆಯಾಗುತ್ತಾರೆ ಎಂದಳು. ಕೊನೆಗೆ ಒಂದು ದಿನ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು.

"ಸತ್ತೋರ ಕಾಯ್ಲೆನ ತಂದು ಬದುಕಿರೋ ಮಗೀಗೆ ಅಂಟಿಸ್ಬ್ಯಾಡಿ ಅಕ್ಕ. ನಂಗೆ ಇನ್ನೇನೂ ಉಳ್ದಿಲ್ಲ."

ಅವಳು ಆಗ ಸೋಮವಾರ ಸೋಮವಾರ, ಕಾಯಿಲೆ ಕಳೆಯುವ ದೇವರಿದ್ದಾನೆಂದು ಹೆಸರಾದ ವೈದ್ಯನಾಥಪುರಕ್ಕೆ ಹೋಗಿ ದೇವಸ್ಥಾನದ ಸುತ್ತ ಹೆಜ್ಜೆ ನಮಸ್ಕಾರ ಹಾಕಿ ಬರುತ್ತಿದ್ದಳು ಎಂದು ನನಗೆ ಆಮೇಲೆ ತಿಳಿಯಿತು. ನಂಬಿಕೆಯಿಲ್ಲದಿದ್ದರೆ ಹಾಗೆ ಹೋಗುತ್ತಿರಲಿಲ್ಲ. ನಾನು ಹೇಳಿದ ಮಾತನ್ನು ಅವಳು ಮೊದಲ ದಿನವೇ ನಂಬಿದ್ದಳು, ನಂಬಿ ಹೆದರಿದ್ದಳು.

ಹುಡುಗಿಯೇ ನನಗೆ ಫೋನು ಮಾಡಿದಳು. ಕಾಲೇಜಿನಿಂದ, ಗೆಳತಿಯರ ಗದ್ದಲದ ನಡುವೆ. ಅಭ್ಯಾಸ ಮಾಡುವಾಗ ಕಣ್ಣು ಕತ್ತಲೆ ಬಂದು ಅಂಕಣದಲ್ಲೇ ಬಿದ್ದಿದ್ದಳಂತೆ. ಹಸಿವೆಗೆ ಇರಬೇಕು ಎಂದು ಗೆಳತಿಯರು ಬಿಸ್ಕತ್ತು ತಿನ್ನಿಸಿದ್ದರು. ಹಾಗೆ ಬಿದ್ದದ್ದು ಅದೇ ಮೊದಲಲ್ಲವಂತೆ.

"ಅವ್ವಂಗೆ ಯೋಳ್ಬ್ಯಾಡಿ ಅತ್ತೆ, ನಾನೇ ಬತ್ತೀನಿ. ಏನೂ ಇಲ್ಲ ಅಂತ ಡಾಕ್ಟ್ರು ಅಂದ್ಬುಟ್ರೆ ಅವ್ವನ ಭಯಾನೂ ಓಯ್ತದೆ, ನಾನು ಸೆಲೆಕ್ಷನ್‌ಗೂ ಓಗ್ಬೋದು."

ಅವಳು ಬಂದದ್ದು ಆಡುವುದಕ್ಕೆ ಅನುಮತಿ ಪಡೆಯಲು. ಎಕೋ ಕೋಣೆಯೊಳಗೆ ಹೋಗುವಾಗಲೂ ನಗುತ್ತಲೇ ಹೋದಳು. ಡಾಕ್ಟರು ಬಹಳ ಹೊತ್ತು ನೋಡಿದರು, ಮತ್ತೆ ಮತ್ತೆ ಗೆರೆ ಎಳೆದು ಅಳೆದರು. ನಮ್ಮೆಲ್ಲರ ಹೃದಯಕ್ಕಿಂತ ಅವಳದರ ಗೋಡೆಯೇ ದಪ್ಪವಾಗಿತ್ತು. ಒಂದು ದಿನ ಪೂರ್ತಿ ಎದೆಗೆ ಅಂಟಿಸಿಕೊಂಡು ಓಡಾಡುವ ಸಣ್ಣ ಯಂತ್ರ ಕೊಟ್ಟರು. ಮರುದಿನ ಅದನ್ನು ನೋಡಿದಾಗ, ಅವಳು ಬಸ್ಸಿನಲ್ಲಿ ಸುಮ್ಮನೆ ಕೂತಿದ್ದ ಹೊತ್ತಿನಲ್ಲೂ ಹೃದಯ ಸ್ವಲ್ಪ ಹೊತ್ತು ಹುಚ್ಚೆದ್ದು ಓಡಿ ತಾನೇ ಸರಿಯಾಗಿತ್ತು. ಅವಳಿಗೆ ಅದು ತಿಳಿದೂ ಇರಲಿಲ್ಲ.

ತಂದೆ ಹಾಗೆ ಹೋಗಿದ್ದಾರೆ, ಇವಳು ಎಚ್ಚರ ತಪ್ಪಿ ಬಿದ್ದಿದ್ದಾಳೆ, ಗೋಡೆ ಇಷ್ಟು ದಪ್ಪವಿದೆ. ಮಾತ್ರೆಯೊಂದೇ ಸಾಲದು ಎಂದರು ಡಾಕ್ಟರು. ಹೆಗಲ ಕೆಳಗೆ ಚರ್ಮದ ಒಳಗೆ ಒಂದು ಪುಟ್ಟ ಪೆಟ್ಟಿಗೆ ಇಡಬೇಕು, ಅದರ ತಂತಿ ಹೃದಯಕ್ಕೆ ಹೋಗಿರುತ್ತದೆ, ಹೃದಯ ತಾಳ ತಪ್ಪಿದರೆ ಅದು ಒಳಗಿನಿಂದಲೇ ಶಾಕ್ ಕೊಟ್ಟು ಸರಿದಾರಿಗೆ ತರುತ್ತದೆ. ಅದಕ್ಕೆ ಮೈಸೂರಿಗೆ ಹೋಗಬೇಕು.

ಹುಡುಗಿ ಕೇಳಿದ್ದು ಒಂದೇ ಮಾತು. "ಆಟ?"

"ಇನ್ನು ಬೇಡಮ್ಮ" ಎಂದರು ಅವರು.

ಅವಳು ಅಳಲಿಲ್ಲ. ಹೊರಗೆ ಬಂದು, ಅವ್ವನಿಗೆ ನೀವೇ ಹೇಳಿ ಎಂದು ಹೇಳಿ ಹಾಸ್ಟೆಲಿಗೆ ಹೋಗಿಬಿಟ್ಟಳು.

ನಾನು ಊರಿಗೆ ಹೋಗಿ ಹೇಳಿದೆ. ತಮ್ಮನ ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ನನ್ನನ್ನು ಕೇಳದೆ ನನ್ನ ಮಗಳನ್ನು ಹೇಗೆ ಕರೆದುಕೊಂಡು ಹೋದಿರಿ ಎಂದಳು. ಅವಳೇ ಬಂದಳು ಎಂದೆ. ಬಂದರೆ ನನಗೊಂದು ಫೋನು ಮಾಡುವುದಕ್ಕೆ ಆಗುತ್ತಿರಲಿಲ್ಲವಾ ಎಂದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪ ಹಟ್ಟಿಯಲ್ಲಿ ಕೂತಿದ್ದವರು ಎಲ್ಲ ಕೇಳಿಸಿಕೊಂಡಿದ್ದರು. ಸೊಸೆಯ ಕೋಣೆಯ ಹತ್ತಿರ ಯಾವತ್ತೂ ಹೋಗದ ಮನುಷ್ಯ ಎದ್ದು ಹೋಗಿ ಮುಚ್ಚಿದ ಬಾಗಿಲ ಮುಂದೆ ನೆಲದ ಮೇಲೆ ಕೂತರು.

"ನನ್ ತಮ್ಮನ್ನ ಒಳೆ ತಿಂತು ಅಂತ ಇಷ್ಟು ವರ್ಸ ಒಳೇನ ಬಯ್ಕಂಡು ಕೂತಿದ್ದೆ ಕಣವ್ವ. ಗೊತ್ತಿರ್ಲಿಲ್ಲ. ನನ್ ಮಗ ಓದಾಗ್ಲೂ ಗೊತ್ತಿರ್ಲಿಲ್ಲ. ಈಗ ಗೊತ್ತಾಗೈತೆ. ಗೊತ್ತಿದ್ದೂ ಈ ಮಗೀನ ಎಂಗವ್ವ ಬುಡಾನ?"

ಅಪ್ಪ ಅಲ್ಲೇ ಕೂತಿದ್ದರು. ಸಂಜೆ ಹಾಲು ಕರೆಯುವ ಹೊತ್ತಿಗೆ ಬಾಗಿಲು ತೆರೆಯಿತು. ಅವಳು ಕೊಟ್ಟಿಗೆಗೆ ಹೋದಳು. ಮರುದಿನ ಮೈಸೂರಿಗೆ ಯಾವಾಗ ಹೋಗಬೇಕು ಎಂದು ಅಪ್ಪನ ಕೈಲಿ ನನಗೆ ಫೋನು ಮಾಡಿಸಿದಳು.

ಪೆಟ್ಟಿಗೆ ಇಟ್ಟದ್ದು ದೊಡ್ಡ ಕಷ್ಟವಾಗಲಿಲ್ಲ. ಗಾಯ ಬೇಗ ಮಾಯಿತು. ಹುಡುಗಿ ಕಾಲೇಜಿಗೆ ಹೋದಳು, ಮೈದಾನದ ಕಡೆಯ ಗೇಟು ಬಿಟ್ಟು ಇನ್ನೊಂದು ಗೇಟಿನಿಂದ ಓಡಾಡತೊಡಗಿದಳು. ಆ ಗೆಳತಿಯರ ಜೊತೆ ಮಾತು ಕಡಿಮೆಯಾಯಿತು. ಮನೆಯಲ್ಲಿ ಅವ್ವ ನೀರಿನ ಬಿಂದಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಅದಕ್ಕೆ ಇಬ್ಬರಿಗೂ ಜಗಳ. ತಮ್ಮನ ಹೆಂಡತಿ ನನ್ನ ಜೊತೆ ಮಾತು ಬಿಟ್ಟೇ ಇದ್ದಳು. ನಾನು ಊರಿಗೆ ಹೋದರೆ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು.

ಮಳೆಗಾಲ ಮುಗಿಯುವ ಸಮಯದಲ್ಲಿ, ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸು ಹೊರಡುತ್ತಿರುವುದು ಕಂಡು ಹುಡುಗಿ ನಾಲ್ಕು ಹೆಜ್ಜೆ ಓಡಿದ್ದಾಳೆ. ಎದೆಯೊಳಗಿನಿಂದ ಎಮ್ಮೆ ಒದ್ದ ಹಾಗಾಯಿತಂತೆ. ಬಿದ್ದಳು, ಎದ್ದು ಕೂತಳು. ಅಂಗಡಿಯವರು ನೀರು ಕೊಟ್ಟು ನನಗೆ ಫೋನು ಮಾಡಿದರು. ನಾನು ಹೋದಾಗ ಅವಳು ಗೋಡೆಗೊರಗಿ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು ಕೂತಿದ್ದಳು. ಮೈಸೂರಿನಲ್ಲಿ ಪೆಟ್ಟಿಗೆಯ ಮೇಲೆ ಯಂತ್ರ ಹಿಡಿದು ನೋಡಿದ ಡಾಕ್ಟರು, ಇದು ಇಲ್ಲದಿದ್ದರೆ ಅವತ್ತು ಈ ಹುಡುಗಿ ಉಳಿಯುತ್ತಿರಲಿಲ್ಲ ಎಂದರು. ಅವಳ ಅವ್ವನೂ ಅಲ್ಲಿದ್ದಳು. ಅವಳು ಡಾಕ್ಟರಿಗೆ ಕೈಮುಗಿದಳು. ನನ್ನ ಕಡೆ ತಿರುಗಿ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾರಿಗೆ ಬರುವವರೆಗೂ ಬಿಡಲಿಲ್ಲ.

ನಮಗೆಲ್ಲ ಜೀವ ಬಂತು. ಹುಡುಗಿಗೆ ಮಾತ್ರ ಅಲ್ಲಿಂದ ನಿಜವಾದ ಕಷ್ಟ ಶುರುವಾಯಿತು. ಆ ಒದೆ ಯಾವಾಗ ಬೇಕಾದರೂ ಮತ್ತೆ ಬರಬಹುದು ಎಂದು ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಳು. ಸ್ನಾನಕ್ಕೆ ಹೋದರೂ ಬಾಗಿಲು ಹಾಕುತ್ತಿರಲಿಲ್ಲ. ಎದುರಾಳಿ ತಂಡದ ಏಳು ಜನರ ನಡುವೆ ಒಬ್ಬಳೇ ನುಗ್ಗುತ್ತಿದ್ದ ಹುಡುಗಿ, ಜಗಲಿಯಿಂದ ಬೀದಿಗೆ ಇಳಿಯಲು ಅವ್ವನ ಕೈ ಹಿಡಿಯುತ್ತಿದ್ದಳು. ಮಾತ್ರೆ ಬದಲಾಯಿಸಿದರು, ಮಾತಾಡಿ ಧೈರ್ಯ ಹೇಳುವ ಡಾಕ್ಟರ ಹತ್ತಿರವೂ ಕಳಿಸಿದರು. ನಿಧಾನವಾಗಿ, ಬಹಳ ನಿಧಾನವಾಗಿ ಅವಳು ಮತ್ತೆ ಕಾಲೇಜಿಗೆ ಹೊರಟಳು. ಒಂದು ವರ್ಷ ಹೋಯಿತು, ಪರೀಕ್ಷೆ ಬರೆದಳು. ಈಗಲೂ ಬಸ್ಸು ಹೊರಟರೆ ಹೊರಡಲಿ ಎಂದು ನಿಂತು ಮುಂದಿನದಕ್ಕೆ ಕಾಯುತ್ತಾಳೆ.

ಮೊನ್ನೆ ಭಾನುವಾರ ನಮ್ಮ ಮನೆಗೆ ಬಂದಿದ್ದಳು. ಊಟಕ್ಕೆ ಕೂತಾಗ, ತಲೆ ಎತ್ತದೆ ಕೇಳಿದಳು.

"ಅತ್ತೆ, ನಂಗೆ ಮಕ್ಳಾದ್ರೆ ಅವ್ಕೂ ಬತ್ತದಾ?"

ಬರಬಹುದು, ಬಾರದೆಯೂ ಇರಬಹುದು, ಅರ್ಧಕ್ಕರ್ಧ ಎನ್ನುತ್ತಾರೆ ಎಂದೆ. ಸುಳ್ಳು ಹೇಳಬೇಕು ಅನ್ನಿಸಿತು, ಆದರೆ ಈ ಮನೆಯಲ್ಲಿ ಇನ್ನು ಅಂಥ ಸುಳ್ಳು ನಡೆಯುವುದಿಲ್ಲ. ಅವಳು ಅನ್ನ ಕಲೆಸಿಕೊಂಡಳು. ತಾತನ ಮುಂದೆ ಮಾತ್ರ ಇದನ್ನು ಕೇಳಬಾರದು ಅಂತ ಇಲ್ಲಿಗೆ ಬಂದೆ ಎಂದಳು. ಇನ್ನಷ್ಟು ಸಾರು ಹಾಕಿದೆ, ಬೇಡ ಎನ್ನಲಿಲ್ಲ.